ಎಲ್ಡನ್ ಕ್ರಾಬಿಲ್ ಕೇಳಿದ ಕಛೇರಿ

ಒಹಾಯೊದ ಕೆಸ್ಲರ್‌ವಿಲ್ ಊರಿನಲ್ಲಿ ಸುಳ್ಳು ಹೇಳುವುದು ತಪ್ಪಲ್ಲ, ಒಬ್ಬನೇ ಹೇಳುವುದು ತಪ್ಪು. ಹತ್ತು ಜನ ಸೇರಿ ಹೇಳಿದರೆ ಅದು ನೆನಪು. ನೂರು ಜನ ಸೇರಿದರೆ ಚರಿತ್ರೆ. ಅದಕ್ಕೂ ಹೆಚ್ಚಾದರೆ ಪುರಸಭೆಯವರು ಒಂದು ಕಂಚಿನ ಫಲಕ ಮಾಡಿಸಿ ಗೋಡೆಗೆ ಜಡಿಯುತ್ತಾರೆ. ಮೂವತ್ತೇಳು ವರ್ಷ ಅದೇ ಊರಿನ ನೀರು ಕುಡಿದರೂ ಎಲ್ಡನ್ ಕ್ರಾಬಿಲ್‌ಗೆ ಈ ಕಾಯಿದೆ ತಿಳಿದಿರಲಿಲ್ಲ. ತಿಳಿಯದಿದ್ದದ್ದರ ಪಟ್ಟಿ ಮಾಡಲು ಹೋದರೆ ಅವನ ವಿಷಯದಲ್ಲಿ ಇದೊಂದೇ ಅಲ್ಲ, ಇರಲಿ.

ಎಲ್ಡನ್ ಮನೆಗಳಿಗೆ ಕಾರ್ಪೆಟ್ ಹಾಸುವವನು. ದಿನವಿಡೀ ಪರರ ಮನೆಯಲ್ಲಿ ಮಂಡಿಯೂರಿ ಕೆಲಸ ಮಾಡಿ, ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಮಂಡಿಯೂರುವುದು ಅವನ ದಿನಚರಿ. ಹೆಂಡತಿ ಡಾರ್ಲಾ ಊರಿನ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಮೇಜಿನ ಹಿಂದೆ ಕೂರುವವಳು. ಊರಿನವರ ಬಾಯೊಳಗೆ ಎಷ್ಟು ಹುಳುಕಿದೆ ಎಂಬುದು ಅವಳಿಗೆ ಅಂಕಿಸಂಖ್ಯೆಯ ಸಮೇತ ಗೊತ್ತು. ಇವರಿಬ್ಬರಿಗೆ ಒಬ್ಬಳೇ ಮಗಳು, ಹದಿನಾರರ ಮಾರ್ನಿ. ಆ ವಯಸ್ಸಿನ ಎಲ್ಲರ ಹಾಗೆ ಅವಳೂ ಅಪ್ಪನ ಜೊತೆ ವಾರಕ್ಕೆ ಎರಡು ಮಾತಾಡುತ್ತಿದ್ದಳು. ಒಂದು, "ಟ್ರಕ್ಕಿನ ಕೀ ಎಲ್ಲಿ?" ಇನ್ನೊಂದು, "ಏನಿಲ್ಲ." ಎಲ್ಡನ್‌ಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ಆದರೆ ಮಗಳ ಜೊತೆ ಮಾತು ಎಲ್ಲಿಂದ ಶುರು ಮಾಡಬೇಕು ಎಂಬುದು ಅಳತೆಪಟ್ಟಿಗೆ ಸಿಗುವ ಸಂಗತಿಯಲ್ಲ.

ತೊಂಬತ್ತೆಂಟರ ಆ ಚಳಿಗಾಲದಲ್ಲಿ ಊರಿನ ಹೈಸ್ಕೂಲು 'ರಾಕ್ ಸಂಗೀತದ ಚರಿತ್ರೆ' ಎಂಬ ಹೊಸ ಪಾಠ ಶುರು ಮಾಡಿತ್ತು. ಅದರ ಮೇಷ್ಟ್ರು ಓಸ್ವಾಲ್ಟ್. ಇಪ್ಪತ್ತು ವರ್ಷ ಮಕ್ಕಳಿಗೆ ಟ್ರಾಂಬೋನ್ ಎಂಬ ಹಿತ್ತಾಳೆಯ ತುತ್ತೂರಿ ಕಲಿಸಿ, ಕೊನೆಗೆ ಕಲಿಯುವ ಮಕ್ಕಳೇ ಇಲ್ಲದಾದಾಗ ಈ ಪಾಠ ಕಂಡುಹಿಡಿದ ಪುಣ್ಯಾತ್ಮ. ನೆತ್ತಿಯ ಮೇಲೆ ಹೋದ ಕೂದಲಿಗೆ ಪರಿಹಾರವಾಗಿ ಹಿಂದೆ ಜುಟ್ಟು ಬಿಟ್ಟಿದ್ದ. ಇಂಡಿಯಾನಾ ಕಡೆಯಿಂದ ಬಂದವನಾದ್ದರಿಂದ ಊರಿನವರ ಹಳೆಯ ಗುಟ್ಟುಗಳು ಅವನಿಗೆ ಗೊತ್ತಿರಲಿಲ್ಲ. ಅವನ ಪಾಠ ಜೂನ್ ಹೊತ್ತಿಗೆ ಏನಾದರೂ ಘನಕಾರ್ಯ ಮಾಡಿ ತೋರಿಸದಿದ್ದರೆ ಕೋಣೆಯನ್ನು ಕುಸ್ತಿ ತಂಡಕ್ಕೆ ಕೊಡುವುದಾಗಿ ಶಾಲಾ ಮಂಡಳಿ ಹೇಳಿತ್ತು. ಹೀಗಾಗಿ ಆತ ಮಕ್ಕಳಿಗೊಂದು ಮನೆಕೆಲಸ ಕೊಟ್ಟ. ಟೋಪಿಯಿಂದ ಒಂದು ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದ ಹಳೆಯ ತಂಡದ ಹಾಡನ್ನು ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಕೂತು ಕೇಳಬೇಕು, ಆಮೇಲೆ ಅವರನ್ನು ಪ್ರಶ್ನೆ ಕೇಳಿ ಬರೆದುಕೊಂಡು ಬರಬೇಕು. ಮಾರ್ನಿಯ ಕೈಗೆ ಬಂದದ್ದು 'ಟಿನ್ ಬಿಷಪ್ಸ್'. ನಮ್ಮ ಮಾತಲ್ಲಿ ಹೇಳುವುದಾದರೆ ತಗಡಿನ ಬಿಷಪ್ಪರು.

ಮಾರ್ನಿ ಅಡುಗೆಮನೆಯ ಮೇಜಿನ ಮೇಲೆ ಟೇಪು ಇಟ್ಟು ಗುಂಡಿ ಒತ್ತಿದಾಗ ಎಲ್ಡನ್ ಹುರಿದ ಆಲೂಗಡ್ಡೆಯನ್ನು ಬಾಯಿಗೆ ಒಯ್ಯುತ್ತಿದ್ದ. ಒಂದೇ ಒಂದು ಗಿಟಾರು ನಿಧಾನಕ್ಕೆ ನುಡಿಯತೊಡಗಿತು. ಬಹಳ ಹೊತ್ತು ಅದು ಒಂಟಿಯಾಗಿಯೇ ನಡೆಯಿತು. ಇನ್ನು ಯಾರೂ ಬರುವುದಿಲ್ಲ ಎನ್ನುವಷ್ಟರಲ್ಲಿ ಡ್ರಮ್ಮು ಬಂತು. ಎಲ್ಡನ್‌ನ ಕೈಯಲ್ಲಿದ್ದ ಆಲೂಗಡ್ಡೆ ಅಲ್ಲೇ ನಿಂತಿತು.

"ಇದೇನೇ ಇದು?"

"ಟಿನ್ ಬಿಷಪ್ಸ್. ನಿನ್ನ ಕಾಲದ್ದೇ ಅಪ್ಪ. ನಿಂಗೆ ಗೊತ್ತಿಲ್ವಾ?"

"ನಿಮ್ಮಪ್ಪನ ಕಾಲದಲ್ಲಿ ನಿಮ್ಮ ತಾತನ ಅಕಾರ್ಡಿಯನ್ ಬಿಟ್ರೆ ಬೇರೆ ಏನೂ ಇರಲಿಲ್ಲ ಕಣೇ," ಎಂದಳು ಡಾರ್ಲಾ. "ಆ ತಿದಿ ಒತ್ತೋ ಪೆಟ್ಟಿಗೆಯಿಂದ ತಪ್ಪಿಸ್ಕೊಳ್ಳೋಕೇ ನನ್ನ ಮದುವೆ ಆದ."

"ಶ್! ಸುಮ್ನಿರು!" ಎಂದ ಎಲ್ಡನ್.

ಹದಿನೇಳು ವರ್ಷದ ದಾಂಪತ್ಯದಲ್ಲಿ ಅವನು ಡಾರ್ಲಾಳಿಗೆ ಸುಮ್ಮನಿರು ಎಂದದ್ದು ಅದೇ ಮೊದಲು. ಆಶ್ಚರ್ಯವೆಂದರೆ ಅವಳು ಸುಮ್ಮನಾದಳು. ಮಾರ್ನಿ ಅಪ್ಪನ ಮುಖ ನೋಡಿದಳು, ಗುಂಡಿ ಒತ್ತಿ ಅದೇ ಹಾಡನ್ನು ಇನ್ನೊಮ್ಮೆ ಹಾಕಿದಳು. ಆ ಮನೆಯಲ್ಲಿ ಅಪ್ಪ ಮಗಳು ಒಂದೇ ವಿಷಯಕ್ಕೆ ಸಂತೋಷಪಟ್ಟು ಎಷ್ಟು ವರ್ಷವಾಗಿತ್ತೋ ಯಾರಿಗೂ ನೆನಪಿರಲಿಲ್ಲ.

ಮುಂದಿನ ಹತ್ತು ದಿನ ಎಲ್ಡನ್ ಮನುಷ್ಯನಾಗಿ ಉಳಿಯಲಿಲ್ಲ. ಟ್ರಕ್ಕಿನಲ್ಲಿ ಅದೇ ಹಾಡು, ಊಟಕ್ಕೆ ಕೂತಾಗ ಅದೇ ತಾಳ. ಹಲ್ಲಿನ ಡಾಕ್ಟರ ಕಾಯುವ ಕೋಣೆಗೆ ಹೂವಿನ ಕಾರ್ಪೆಟ್ಟನ್ನು ತಲೆಕೆಳಗಾಗಿ ಹಾಸಿ ಬಂದ. ಹಲ್ಲುನೋವಿನವರಿಗೆ ಅದು ತಿಳಿಯಲಿಲ್ಲ, ಡಾರ್ಲಾಳಿಗೆ ತಿಳಿಯಿತು. ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಎಲ್ಡನ್‌ಗೆ ಯಾವುದೂ ನಾಟಲಿಲ್ಲ, ಯಾಕೆಂದರೆ ಮಾರ್ನಿ ದಿನಾ ಶಾಲೆ ಬಿಟ್ಟ ಮೇಲೆ ಟ್ರಕ್ಕಿನಲ್ಲಿ ಅವನ ಪಕ್ಕ ಬಂದು ಕೂರುತ್ತಿದ್ದಳು. ಆ ಡ್ರಮ್ಮಿನವನು ಯಾಕೆ ಅಷ್ಟು ತಡವಾಗಿ ಬರುತ್ತಾನೆ ಎಂದು ಇಬ್ಬರೂ ವಾದ ಮಾಡುತ್ತಿದ್ದರು.

ಹನ್ನೊಂದನೆಯ ದಿನ ಅವಳು ಪ್ರಶ್ನೆಗಳ ಹಾಳೆ ತೆಗೆದಳು.

"ಕೊನೇ ಪ್ರಶ್ನೆ ಅಪ್ಪ. ಈ ತಂಡವನ್ನ ಕಣ್ಣಾರೆ ನೋಡಿದ್ದೀಯಾ? ಗೊತ್ತಾ, ನಮ್ಮ ಮೇಷ್ಟ್ರ ಹತ್ರ ಒಂದು ಹಳೇ ಟೀ ಶರ್ಟ್ ಇದೆ. ಬೆನ್ನ ಮೇಲೆ ಅವ್ರು ಹಾಡಿದ ಊರುಗಳ ಪಟ್ಟಿ. ಅದರಲ್ಲಿ ಕೆಸ್ಲರ್‌ವಿಲ್ ಅಂತ ಇದೆ! ಎಪ್ಪತ್ತೆಂಟು, ಜನವರಿ ಇಪ್ಪತ್ತಾರು. ನಮ್ಮೂರಿಗೆ ಬಂದಿದ್ರು ಅಪ್ಪ! ನೀನು ಹೋಗಿದ್ದೆ ತಾನೆ?"

ಇಲ್ಲ ಎನ್ನುವುದು ಎರಡಕ್ಷರದ ಮಾತು. ಎಲ್ಡನ್ ಅದನ್ನು ನಾಲಿಗೆಯ ತುದಿಯವರೆಗೂ ತಂದ. ಆದರೆ ಮಗಳ ಕಣ್ಣು ಹಾಗೆ ಹೊಳೆಯುತ್ತಿರುವಾಗ ಆ ಹೊಳಪನ್ನು ಆರಿಸುವ ಧೈರ್ಯ ಕಾರ್ಪೆಟ್ ಹಾಸುವವನಿಗೆ ಎಲ್ಲಿಂದ ಬರಬೇಕು?

"ಹೂಂ," ಎಂದ. "ಹೋಗಿದ್ದೆ."

ಮಾರ್ನಿ ಅವನ ಕುತ್ತಿಗೆಗೆ ಜೋತುಬಿದ್ದಳು. ಅಲ್ಲಿಗೆ ಎಲ್ಡನ್ ಕ್ರಾಬಿಲ್‌ನ ಕಥೆ ಮುಗಿಯಿತು, ಅಂದರೆ ಶುರುವಾಯಿತು.

ಓಸ್ವಾಲ್ಟ್ ಮೇಷ್ಟ್ರಿಗೆ ಸುದ್ದಿ ಮುಟ್ಟಿದ್ದೇ ತಡ, ಆತ ಎಲ್ಡನ್‌ನನ್ನು ತರಗತಿಗೆ ಕರೆಸಿದ. ಟಿನ್ ಬಿಷಪ್ಪರ ಟೀ ಶರ್ಟು ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಸಂತರ ಚಿತ್ರದ ಹಾಗೆ ನೇತಾಡುತ್ತಿತ್ತು.

"ಮಕ್ಕಳೇ," ಎಂದ ಮೇಷ್ಟ್ರು, ದನಿ ನಡುಗಿಸಿ, "ಆ ರಾತ್ರಿ ಅಲ್ಲಿದ್ದ ಮನುಷ್ಯ ಇವರು. ಮುಟ್ಟಬೇಡಿ. ಪ್ರಶ್ನೆ ಕೇಳಿ."

"ಸ್ಟೇಜಿನ ಮೇಲೆ ಏನ್ ಏನ್ ಆಯ್ತು ಸರ್?" ಎಂದಳು ಒಬ್ಬ ಹುಡುಗಿ.

ಎಲ್ಡನ್ ಸಹಾಯಕ್ಕಾಗಿ ನಾಲ್ಕೂ ಗೋಡೆ ನೋಡಿದ. ಒಂದು ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಡಬ್ಬಿ ಇತ್ತು.

"ಬೆಂಕಿ ಬಿತ್ತು," ಎಂದ.

"ಎಲ್ಲಿಗೆ?"

"ಹಾಡೋನ ನಿಲುವಂಗಿಗೆ. ಬಿಷಪ್ಪರ ನಿಲುವಂಗಿ ಹಾಕ್ಕೊಂಡಿದ್ದ ನೋಡಿ. ಮೇಣದಬತ್ತಿ ತಾಗಿ ಹತ್ಕೊಳ್ತು. ಆಮೇಲೆ ಯಾರೋ ಜನದ ಮಧ್ಯದಿಂದ ಕೆಂಪು ಡಬ್ಬಿ ಹಿಡ್ಕೊಂಡು ಓಡಿ ಬಂದು ನೊರೆ ಹೊಡೆದ್ರು."

"ಹಾಡು ನಿಲ್ತಾ?"

ಎಲ್ಡನ್ ಇನ್ನೊಂದು ಗೋಡೆ ನೋಡಿದ. ಅಲ್ಲಿ ಗಡಿಯಾರವಿತ್ತು. "ಇಲ್ಲ. ಒಂಬತ್ತು ಇಪ್ಪತ್ತರಿಂದ ಒಂಬತ್ತೂವರೆವರೆಗೂ ನೊರೆ ಒಳಗಿಂದಾನೇ ಹಾಡಿದ."

ತರಗತಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮಾರ್ನಿ ಮೊದಲ ಸಾಲಿನಲ್ಲಿ ಕೂತು, ಇವನು ನಮ್ಮಪ್ಪ, ಎಂದು ಎರಡೂ ಕಡೆಯವರಿಗೆ ಹೇಳುತ್ತಿದ್ದಳು.

ಆ ಸಂಜೆ ಎಲ್ಡನ್ ಮನೆಯ ಮುಂದೆ ಟ್ರಕ್ಕಿನಿಂದ ಇಳಿಯುವಾಗ ಪಕ್ಕದ ಮನೆಯ ರಸ್ ಹೆಮ್ಮರ್ಲಿ ಬೇಲಿಯ ಹತ್ತಿರ ಕಾದಿದ್ದ. ರಸ್ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವವನು. ಎಲ್ಡನ್‌ಗಿಂತ ಐದು ವರ್ಷ ದೊಡ್ಡವನು.

"ಏನಯ್ಯಾ, ನೀನು ಟಿನ್ ಬಿಷಪ್ಸ್ ಕಛೇರಿಗೆ ಹೋಗಿದ್ಯಂತೆ?"

ಎಲ್ಡನ್ ಮತ್ತೆ ಟ್ರಕ್ಕಿನ ಬಾಗಿಲಿಗೆ ಕೈ ಹಾಕಿದ. ಸಿಕ್ಕಿಬಿದ್ದೆ ಎಂದುಕೊಂಡ. "ಅದು... ಬಹಳ ಹಿಂದಿನ ಮಾತು ರಸ್. ಸರಿಯಾಗಿ ನೆನಪಿಲ್ಲ..."

"ನಿಂಗೆ ನೆನಪಿರದಿದ್ರೇನು, ನಂಗಿದೆ," ಎಂದ ರಸ್, ಎದೆ ಉಬ್ಬಿಸಿ. "ಆ ಕೆಂಪು ಡಬ್ಬಿ ಹಿಡ್ಕೊಂಡು ಓಡಿದ್ನಲ್ಲ, ಅವನು ಯಾರು ಅಂದ್ಕೊಂಡೆ? ನಾನೇ!"

ನಮ್ಮ ನಿಮ್ಮಂಥವರಾಗಿದ್ದರೆ ರಸ್ ಸುಳ್ಳುಗಾರ ಎಂದು ತಿಳಿಯುತ್ತಿದ್ದೆವು. ಎಲ್ಡನ್‌ಗೆ ಹೊಳೆದದ್ದೇ ಬೇರೆ. ನಾನು ಬಾಯಿಗೆ ಬಂದದ್ದು ಹೇಳಿದರೂ ಅದು ನಿಜವೇ ಆಗಿತ್ತಲ್ಲ, ಎಂದು ಅವನು ಬೆರಗಾದ. ಆ ರಾತ್ರಿ ಮೊದಲ ಬಾರಿಗೆ ನೆಮ್ಮದಿಯಿಂದ ಮಲಗಿದ.

ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಕೆಸ್ಲರ್‌ವಿಲ್ಲಿನವರು ಆ ಕರುವಿಗೆ ಮೊಲೆಹಾಲನ್ನೂ ಬಿಡಿಸಿಬಿಟ್ಟಿದ್ದರು. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದವನು ಆ ಹಾಡುಗಾರನ ಸುಟ್ಟ ಗಡ್ಡವನ್ನು ತಾನೇ ಸರಿ ಮಾಡಿದ್ದೆನೆಂದ. ಚರ್ಚಿನ ಊಟದಲ್ಲಿ ಪಾದ್ರಿಗಳು, ಬೇರೆ ಪಂಗಡದ ಬಿಷಪ್ಪನಾದರೂ ಉರಿಯುತ್ತಿದ್ದವನಿಗಾಗಿ ತಾವು ಪ್ರಾರ್ಥಿಸಿದ್ದಾಗಿ ಒಪ್ಪಿಕೊಂಡರು. ಅವತ್ತು ನಾನು ಸ್ಟೇಜಿನ ಮೆಟ್ಟಿಲಲ್ಲೇ ಕೂತಿದ್ದೆ ಎಂದು ಒಬ್ಬ ಹೆಂಗಸು ಹೇಳಿದಳು. ಲೆಕ್ಕ ಹಾಕಿದರೆ ಅವಳಿಗೆ ಆಗ ನಾಲ್ಕು ವರ್ಷ. ಕಛೇರಿ ನಡೆಯಿತೆನ್ನುವ ಕ್ರೀಡಾಮಂದಿರದಲ್ಲಿ ಸಾವಿರದ ಇನ್ನೂರು ಜನ ಕೂರಬಹುದು. ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಡಾರ್ಲಾ ಒಂದು ಹಾಳೆಯಲ್ಲಿ ಗೀಟು ಹಾಕುತ್ತ ಹೋದಳು. ಏಪ್ರಿಲ್ ಹೊತ್ತಿಗೆ ಹೋದವರ ಸಂಖ್ಯೆ ಮೂರು ಸಾವಿರ ದಾಟಿತ್ತು.

"ಒಬ್ಬರ ತೊಡೆ ಮೇಲೆ ಇಬ್ಬರು ಕೂತಿರಬೇಕು," ಎಂದಳು ಅವಳು ಗಂಡನಿಗೆ. "ನೀನು ಯಾರ ತೊಡೆ ಮೇಲಿದ್ದೆ?"

ಎಲ್ಲರಿಗಿಂತ ಕೊನೆಗೆ ನೆನಪು ಬಂದದ್ದು ಮೇಯರ್ ನಾರ್ಮ್ ಡೆಲ್ಪ್‌ಗೆ. ನವೆಂಬರಿನಲ್ಲಿ ಚುನಾವಣೆ ಇದ್ದದ್ದರಿಂದ ಬಂದ ನೆನಪು ಬಹಳ ಸ್ಪಷ್ಟವಾಗಿತ್ತು. ಹಾಡುಗಾರನಿಗೆ ಹಸಿವಾದಾಗ ಪರದೆಯ ಹಿಂದೆ ಹೋಗಿ ತನ್ನ ಕೈಯಾರೆ ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನಿಸಿದ್ದನಂತೆ. "ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ನಾರ್ಮ್, ಇಂಥ ಊರು ನೋಡಿಲ್ಲ ಅಂದ," ಎಂದು ಪುರಸಭೆಯಲ್ಲಿ ಹೇಳಿ, ಕ್ರೀಡಾಮಂದಿರದ ಗೋಡೆಗೆ ಕಂಚಿನ ಫಲಕ ಹಾಕಿಸಲು ಎಲ್ಲರ ಕೈ ಎತ್ತಿಸಿದ. ಮೇ ತಿಂಗಳ ಕೊನೆಯ ಶನಿವಾರ ಸಮಾರಂಭ. ಮೊದಲ ಸಾಕ್ಷಿ, ಶ್ರೀಮಾನ್ ಎಲ್ಡನ್ ಕ್ರಾಬಿಲ್. ತಂಡದಲ್ಲಿ ಬದುಕಿ ಉಳಿದವರಿಗೂ, ಬೆಂಕಿ, ಸ್ಯಾಂಡ್‌ವಿಚ್ ಎಲ್ಲವನ್ನೂ ನೆನಪಿಸಿ, ಕಾಗದ ಹೋಯಿತು. ಓಸ್ವಾಲ್ಟ್ ಮೇಷ್ಟ್ರಂತೂ ಕುಸ್ತಿ ತಂಡದ ಮೇಷ್ಟ್ರಿಗೆ ಎದುರಾದಾಗಲೆಲ್ಲ ಸಿಳ್ಳೆ ಹೊಡೆಯುತ್ತಿದ್ದ.

ಆ ಸಮಾರಂಭದಲ್ಲಿ ಓದಲೆಂದು ಆತ ಮಾರ್ನಿಗೆ ವರ್ಷದ ದೊಡ್ಡ ಪ್ರಬಂಧ ಒಪ್ಪಿಸಿದ. 'ಆ ರಾತ್ರಿ: ಸಾಕ್ಷಿಗಳ ಬಾಯಿಂದ.' ಮಾರ್ನಿ ನಂಬಿಕೆಯ ಹುಡುಗಿ, ಅದರ ಮೇಲೆ ಕೆಲಸದಲ್ಲಿ ಅಪ್ಪನ ಮಗಳು. ಮೂಲೆಯಿಂದ ಮೂಲೆಗೆ ಅಳೆಯದೆ ಕತ್ತರಿ ಹಾಕುವವಳಲ್ಲ. ಒಂದು ದಪ್ಪ ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದಳು. ನಲವತ್ತು ಜನರ ಮಾತು ಬರೆದುಕೊಂಡ ಮೇಲೆ ರಸ್ ಹೆಮ್ಮರ್ಲಿಯ ಜಗಲಿ ಹತ್ತಿದಳು.

ರಸ್ ಕೆಂಪು ಡಬ್ಬಿಯ ಪ್ರಸಂಗವನ್ನು ಅಭಿನಯಿಸಿ ತೋರಿಸಿದ. ಮುಗಿದ ಮೇಲೆ ಮಾರ್ನಿ ಕೇಳಿದಳು:

"ಎಲ್ಲಾ ಆದ್ಮೇಲೆ ಮನೆಗೆ ಹೇಗೆ ಬಂದ್ರಿ ಅಂಕಲ್?"

"ಹೇಗೆ ಅಂದ್ರೆ? ಕಾರಲ್ಲಿ."

"ತಾರೀಕು ಸರಿ ತಾನೆ? ಎಪ್ಪತ್ತೆಂಟು, ಜನವರಿ ಇಪ್ಪತ್ತಾರು, ಗುರುವಾರ."

"ಗುರುವಾರಾನಾ? ಜನವರಿ ಇಪ್ಪತ್ತಾರು?" ರಸ್‌ನ ಮುಖ ಅರಳಿತು. "ಅಯ್ಯೋ ಮಗೂ, ಆ ದಿನ ನಿಂಗೆ ಗೊತ್ತಿಲ್ಲ! ಅದು ಮಹಾ ಹಿಮದ ದಿನ! ಬೆಳಗಿನ ಜಾವಕ್ಕೆ ಬಿರುಗಾಳಿ ಬಂತು ನೋಡು, ಇಡೀ ಒಹಾಯೊ ಮುಚ್ಚಿಹೋಯ್ತು. ಬಾಗಿಲು ತೆಗೆದ್ರೆ ಹಿಮದ ಗೋಡೆ. ಕಾರು ಎಲ್ಲಿದೆ ಅಂತ ಹುಡುಕೋಕೆ ಕೋಲು ಚುಚ್ತಿದ್ವಿ. ಮೂರು ದಿನ, ಕೇಳು, ಮೂರು ದಿನ ನಾನು ಈ ಜಗಲಿಯಿಂದ ಆಚೆ ಕಾಲಿಡಲಿಲ್ಲ! ಕೊನೆಗೆ ನಾಯಿ ಬಿಸ್ಕತ್ತು ತಿಂದೆ!"

ಮಾರ್ನಿಯ ಪೆನ್ನು ನಿಂತಿತು.

"ಕಾರಲ್ಲಿ ಬಂದ್ರಿ ಅಂದ್ರಲ್ಲ ಅಂಕಲ್."

"ಅದು ಬೇರೆ ಕಥೆ, ಇದು ಬೇರೆ ಕಥೆ," ಎಂದ ರಸ್. "ಎರಡನ್ನೂ ಯಾಕೆ ಒಟ್ಟಿಗೆ ಹಾಕ್ತೀಯ?"

ಸಂಗತಿ ಇಷ್ಟೇ. ಆ ಊರಿನಲ್ಲಿ ಮೂವತ್ತೈದು ದಾಟಿದ ಪ್ರತಿಯೊಬ್ಬನಿಗೂ ಮಹಾ ಹಿಮದ ಶೌರ್ಯದ ಕಥೆ ಒಂದು ಇದ್ದೇ ಇತ್ತು. ಇಪ್ಪತ್ತು ವರ್ಷದಿಂದ ಪ್ರತಿ ಚಳಿಗಾಲದಲ್ಲೂ ಅದನ್ನು ಹೇಳಿ ಹೇಳಿ ಮೊಮ್ಮಕ್ಕಳನ್ನು ಮಲಗಿಸುತ್ತಿದ್ದರು. ಈಗ ಅದರ ಪಕ್ಕ ಕಛೇರಿಯ ಕಥೆಯನ್ನೂ ಸೇರಿಸಿಕೊಂಡರು. ಮೂರು ಸಾವಿರ ಜನರಲ್ಲಿ ಒಬ್ಬನೂ ಎರಡರ ತಾರೀಕನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನೋಡುವ ಅಗತ್ಯವಾದರೂ ಏನು? ಸುಖವಾಗಿ ಸಾಗುವ ಸುಳ್ಳಿಗೆ ಪಂಚಾಂಗ ತೋರಿಸಿದರೆ ಅಪಶಕುನ.

ಮಾರ್ನಿ ಊರಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆಗಳನ್ನು ಹುಡುಕಿದಳು. ಹಿಮ ಕರಗಿದ ಮೇಲೆ ಬಂದ ಮೊದಲ ಸಂಚಿಕೆಯ ನಾಲ್ಕನೇ ಪುಟದಲ್ಲಿ, ಸತ್ತ ಕೋಳಿಗಳ ಸುದ್ದಿಯ ಕೆಳಗೆ, ನಾಲ್ಕೇ ಸಾಲು. ರಸ್ತೆಗಳು ಮುಚ್ಚಿದ್ದರಿಂದ ಕ್ರೀಡಾಮಂದಿರದ ಸಂಗೀತ ಕಾರ್ಯಕ್ರಮ ರದ್ದಾಗಿದೆ. ತಂಡದ ಬಸ್ಸು ಇಂಡಿಯಾನಾ ಗಡಿಯಿಂದಲೇ ಹಿಂದಿರುಗಿದೆ. ಟಿಕೆಟ್ ಕೊಂಡಿದ್ದ ಇನ್ನೂರ ಹನ್ನೆರಡು ಜನ ಬಂದು ಹಣ ವಾಪಸು ಪಡೆಯಬಹುದು.

ಮರುದಿನ ಬೆಳಿಗ್ಗೆ ಎಲ್ಡನ್ ಅವಳನ್ನು ಶಾಲೆಗೆ ಬಿಡಲು ಟ್ರಕ್ಕು ಹತ್ತಿಸಿಕೊಂಡ. ಸಮಾರಂಭಕ್ಕೆ ಎರಡು ದಿನವಿತ್ತು. ಹಾಡು ಹಾಕಲು ಕೈ ಚಾಚಿದಾಗ ಮಾರ್ನಿ ಅವನ ಕೈ ತಡೆದಳು.

"ಅಪ್ಪ, ಎಪ್ಪತ್ತೆಂಟರ ಮಹಾ ಹಿಮ ನೆನಪಿದ್ಯಾ?"

"ನೆನಪಿದ್ಯಾ ಅಂತ ಕೇಳ್ತೀಯಾ!" ಎಲ್ಡನ್ ಸ್ಟೀರಿಂಗ್ ಬಿಟ್ಟು ಕೈ ಎತ್ತಿದ. "ನಾನು, ನಿಮ್ಮಜ್ಜಿ, ನಿಮ್ಮ ತಾತ, ಮೂರು ದಿನ ಒಂದೇ ಕೋಣೇಲಿ. ಕರೆಂಟಿಲ್ಲ. ಟೀವಿ ಇಲ್ಲ. ನಿಮ್ಮ ತಾತ ಅಕಾರ್ಡಿಯನ್ ತೆಗೆದ. ಗುರುವಾರ ಬೆಳಿಗ್ಗೆ ಶುರು ಮಾಡಿದವನು ಶನಿವಾರ ಊಟಕ್ಕೆ ನಿಲ್ಲಿಸಿದ! ನಾನು ಹಿಮದೊಳಗೆ ಸುರಂಗ ಕೊರೆದು ಓಡಿಹೋಗೋಣ ಅಂತ ಸಲಿಕೆ ತಗೊಂಡೆ, ಗೊತ್ತಾ, ಬಾಗಿಲೇ ತೆಗೀಲಿಕ್ಕೆ..."

"ಆ ಗುರುವಾರ ಯಾವ ತಾರೀಕು ಅಪ್ಪ?"

"ತಾರೀಕು ಯಾರಿಗೆ ನೆನಪಿರತ್ತೆ? ಜನವರಿ ಕೊನೆ. ಇಪ್ಪತ್ತೈದೋ, ಇಪ್ಪತ್ತಾ..."

ಟ್ರಕ್ಕು ರಸ್ತೆ ಬಿಟ್ಟು ಯಾರದೋ ಅಂಚೆಪೆಟ್ಟಿಗೆಯ ಹತ್ತಿರ ಹೋಗಿ ನಿಂತಿತು. ತನ್ನ ಮದುವೆಯ ದಿನವನ್ನೇ ಹೆಂಡತಿಯನ್ನು ಕೇಳಿ ತಿಳಿಯುವ ಮನುಷ್ಯ ಅವನು. ಎರಡೂ ತಾರೀಕು ಒಂದೇ ಎಂದು ಅವನಿಗೆ ಹೊಳೆದದ್ದು ಆ ಕ್ಷಣದಲ್ಲೇ. ಕಿವಿಯವರೆಗೂ ಕೆಂಪಾದ.

ಮಾರ್ನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯಾಚೆ ನೋಡುತ್ತ ಹೇಳಿದಳು:

"ಊರಲ್ಲಿ ಎಲ್ಲರೂ ಸುಳ್ಳು ಹೇಳಿದ್ರು, ಹೇಳ್ಲಿ. ನಂಗೆ ಏನಾಗ್ಬೇಕು? ನೀನ್ಯಾಕಪ್ಪ ಹೇಳ್ದೆ?"

"ನೀನು... ಅವತ್ತು ನೀನು ಎಷ್ಟು ಖುಷಿಯಾಗಿದ್ದೆ..."

"ನೀನು ಆ ಹಾಡು ಕೇಳಿದ್ದು ಫೆಬ್ರವರೀಲೇ ತಾನೆ? ನನ್ನ ಜೊತೆ, ಮೊದಲ ಸಲ?"

ಎಲ್ಡನ್ ತಲೆಯಾಡಿಸಿದ.

"ಅದನ್ನೇ ಹೇಳಿದ್ರೆ ಸಾಕಾಗ್ತಿತ್ತು," ಎಂದಳು ಮಾರ್ನಿ. "ಶನಿವಾರ ನಾನು ಕಛೇರಿ ರದ್ದಾಯ್ತು ಅನ್ನೋ ಹಳೇ ಪತ್ರಿಕೆ ಓದ್ತೀನಿ. ಎಲ್ಲರ ಮಾತೂ ಬರೆದಾಗಿದೆ. ನಿನ್ನ ಪುಟ ಮಾತ್ರ ಖಾಲಿ ಬಿಟ್ಟಿದ್ದೀನಿ. ಏನು ಬರೀಬೇಕು ಅಂತ ನೀನೇ ಹೇಳು. ಅಲ್ಲಿ, ಎಲ್ಲರ ಮುಂದೆ."

ಬಾಗಿಲು ತೆಗೆದು, ಶಾಲೆ ಇನ್ನೂ ಅರ್ಧ ಮೈಲಿ ಇದ್ದರೂ, ಇಳಿದು ನಡೆದಳು. ಮತ್ತೆರಡು ದಿನ ಆ ಮನೆಯಲ್ಲಿ ಹಳೆಯ ಎರಡು ಮಾತೂ ಕೇಳಿಸಲಿಲ್ಲ.

ಎಲ್ಡನ್ ಹೆಂಡತಿಯ ಮುಂದೆ ಎಲ್ಲ ಒಪ್ಪಿಕೊಂಡ. ಡಾರ್ಲಾ ಉಗುರಿಗೆ ಬಣ್ಣ ಹಚ್ಚುತ್ತ ಕೇಳಿಸಿಕೊಂಡಳು.

"ಇಷ್ಟೇನಾ? ನಂಗೆ ಮೊದಲ ದಿನಾನೇ ಗೊತ್ತಿತ್ತು. ಬೆಂಕಿ ಬಿದ್ದ ಕಡೆ ನೀನು ಹತ್ತು ನಿಮಿಷ ನಿಲ್ತೀಯಾ? ಬಾಗಿಲು ಮುರ್ಕೊಂಡು ಓಡ್ತಿದ್ದೆ."

"ಈಗ ಏನ್ ಮಾಡ್ಲಿ ಡಾರ್ಲಾ? ನಿಜ ಹೇಳಿದ್ರೆ ಊರು ಉಗಿಯುತ್ತೆ. ಹೇಳದಿದ್ರೆ ಮಗಳು ಮುಖ ನೋಡಲ್ಲ."

"ಊರಿಗೆ ನೀನು ಕಾರ್ಪೆಟ್ ಹಾಸ್ತೀಯ, ಅವ್ರು ಅದರ ಮೇಲೆ ನಡೀತಾರೆ. ಹೆಚ್ಚು ಅಂದ್ರೆ ನಿನ್ನ ಮೇಲೂ ನಡೀತಾರೆ. ನಿಂಗೆ ಅಭ್ಯಾಸ ಇದೆಯಲ್ಲ," ಎಂದಳು ಡಾರ್ಲಾ. ಅವಳ ಮಟ್ಟಿಗೆ ಅದು ಸಮಾಧಾನದ ಮಾತು.

ಶನಿವಾರ ಕ್ರೀಡಾಮಂದಿರದ ಮುಂದೆ ಇಡೀ ಊರು ನೆರೆಯಿತು. ಫಲಕಕ್ಕೆ ಕೆಂಪು ಬಟ್ಟೆ ಹೊದಿಸಿತ್ತು. ಓಸ್ವಾಲ್ಟ್ ಮೇಷ್ಟ್ರ ಹಳೆಯ ಶಿಷ್ಯರು ಟಿನ್ ಬಿಷಪ್ಪರ ಹಾಡನ್ನು ಟ್ರಾಂಬೋನುಗಳಲ್ಲಿ ನುಡಿಸಿ ಅದರ ಪ್ರಾಣ ತೆಗೆದರು. ರಸ್ ಹೆಮ್ಮರ್ಲಿ ಒಂದು ಕೆಂಪು ಡಬ್ಬಿಯನ್ನು ಎಲ್ಲಿಂದಲೋ ಸಂಪಾದಿಸಿ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ನಿಂತಿದ್ದ. ಅದೇ ಡಬ್ಬಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಮೇಯರ್ ಡೆಲ್ಪ್ ಅರ್ಧ ಗಂಟೆ ಸ್ಯಾಂಡ್‌ವಿಚ್ಚಿನ ಮೇಲೆ ಭಾಷಣ ಮಾಡಿ ಎಲ್ಡನ್‌ನನ್ನು ಕರೆದ.

ಎಲ್ಡನ್ ಮೈಕಿನ ಮುಂದೆ ನಿಂತ. ಮೊದಲ ಸಾಲಿನಲ್ಲಿ ಮಾರ್ನಿ ನೋಟ್‌ಬುಕ್ಕಿನ ಖಾಲಿ ಪುಟ ತೆರೆದು ಕೂತಿದ್ದಳು. ಅವಳನ್ನು ಬಿಟ್ಟು ಬೇರೆ ಯಾರನ್ನೂ ಅವನು ನೋಡಲಿಲ್ಲ.

"ನಾನು ಆ ಕಛೇರಿಗೆ ಹೋಗಿರಲಿಲ್ಲ," ಎಂದ.

ಜನ ನಕ್ಕರು. ವಿನಯದ ಮಾತು ಎಂದುಕೊಂಡರು.

"ನಿಜವಾಗ್ಲೂ ಹೋಗಿರಲಿಲ್ಲ. ಯಾರೂ ಹೋಗಿರಲಿಲ್ಲ. ಅವತ್ತು ಮಹಾ ಹಿಮ ಬಿದ್ದಿತ್ತು. ತಂಡ ಊರಿಗೇ ಬರಲಿಲ್ಲ. ಬೆಂಕಿ ಬೀಳಲಿಲ್ಲ, ಅದು ನಾನು ಕಟ್ಟಿದ ಕಥೆ. ಅವತ್ತು ನಾನು ಕೇಳಿದ್ದು ನಮ್ಮಪ್ಪನ ಅಕಾರ್ಡಿಯನ್, ಮೂರು ದಿನ. ಟಿನ್ ಬಿಷಪ್ಸನ್ನ ನಾನು ಮೊದಲ ಸಲ ಕೇಳಿದ್ದು ಈ ಫೆಬ್ರವರೀಲಿ, ನನ್ನ ಮಗಳ ಮನೆಕೆಲಸದಲ್ಲಿ. ಅಷ್ಟೇ. ಆದ್ರೆ ನಂಗೆ ಆ ಹಾಡು ಬಹಳ ಇಷ್ಟ."

ಜನರ ಹಿಂದಿನಿಂದ ಒಂದು ದನಿ ಬಂತು, "ಎಲಾ ಕಳ್ಳ!"

ಕೆಸ್ಲರ್‌ವಿಲ್ಲಿನವರ ಬುದ್ಧಿ ಎಂಥದ್ದೆಂದು ತಿಳಿಯಬೇಕಾದರೆ ಆಗ ಅಲ್ಲಿರಬೇಕಿತ್ತು. ಮೂರು ಸಾವಿರ ಜನರಲ್ಲಿ ಒಬ್ಬನೂ ತಲೆ ತಗ್ಗಿಸಲಿಲ್ಲ. ಎಲ್ಲರೂ ಸೇರಿ ಎಲ್ಡನ್‌ನ ಮೇಲೆ ಬಿದ್ದರು.

"ನೀನು ಹೋಗಿರಲಿಲ್ಲ ಅಂದ್ರೆ ನಾವೂ ಹೋಗಿರಲಿಲ್ಲ ಅಂತ ಹೇಳೋಕೆ ನೀನ್ಯಾರೋ?"

"ಮಕ್ಕಳ ಮುಂದೆ ಹೋಗಿ ಸುಳ್ಳು ಹೇಳಿದ್ಯಲ್ಲ, ನಾಚಿಕೆ ಆಗ್ಲಿಲ್ವಾ?"

"ನಂಗೆ ಮೊದ್ಲೇ ಅನುಮಾನ ಇತ್ತು," ಎಂದು ರಸ್ ಡಬ್ಬಿ ಅಲ್ಲಾಡಿಸಿದ. "ಡಬ್ಬಿ ಹಿಡ್ಕೊಂಡು ಓಡ್ತಾ ನಾನು ಎಲ್ಲರ ಮುಖ ನೋಡಿದ್ದೆ. ಇವನ ಮುಖ ಇರ್ಲೇ ಇಲ್ಲ!"

ಮೇಯರ್ ಕೈಯೆತ್ತಿ ಜನರನ್ನು ಸುಮ್ಮನಾಗಿಸಿ ಜೇಬಿನಿಂದ ಒಂದು ಕಾಗದ ತೆಗೆದ. ಟಿನ್ ಬಿಷಪ್ಪರ ಗಿಟಾರಿನವನು, ಡೆನ್ನಿಸ್ ಥ್ರೇಲ್ ಎಂಬಾತ, ಅರಿಜೋನಾದಲ್ಲಿ ಒಂಟೆ ಜಾತಿಯ ಲಾಮಾ ಪ್ರಾಣಿಗಳನ್ನು ಸಾಕಿಕೊಂಡು ವಿಶ್ರಾಂತಿಯಲ್ಲಿದ್ದವನು, ಬರೆದ ಉತ್ತರ. ಮೇಯರ್ ಒಂದೊಂದು ಪದವನ್ನೂ ಚಪ್ಪರಿಸಿ ಓದಿದ:

"'ಪ್ರಿಯ ಕೆಸ್ಲರ್‌ವಿಲ್ಲಿನ ಗೆಳೆಯರೇ, ಆ ರಾತ್ರಿಯನ್ನು ನಾವು ಮರೆಯುವುದುಂಟೇ! ನಮ್ಮ ಜೀವಮಾನದ ಅತ್ಯುತ್ತಮ ಕಛೇರಿ ಅದು. ಆ ಬೆಂಕಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸ್ಯಾಂಡ್‌ವಿಚ್ ಕೊಟ್ಟ ಮಹನೀಯರಿಗೆ ನನ್ನ ನಮಸ್ಕಾರ.'"

ಜಯಘೋಷ ಮುಗಿಲು ಮುಟ್ಟಿತು. ಕೆಂಪು ಬಟ್ಟೆ ಸರಿಯಿತು. ಫಲಕ ಹೊಳೆಯಿತು. ಎಲ್ಡನ್ ವೇದಿಕೆಯ ಮೇಲೆ ಒಬ್ಬನೇ ನಿಂತಿದ್ದ. ಮೂರು ತಿಂಗಳು ತಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಆ ಗಿಟಾರಿನ ಕೈಯೇ ತನ್ನನ್ನು ಸುಳ್ಳುಗಾರನೆಂದು ಬರೆದು ಸಹಿ ಮಾಡಿತ್ತು. ಅವನು ಮಗಳನ್ನು ನೋಡಲು ಹೆದರಿದ.

ಮಾರ್ನಿ ವೇದಿಕೆ ಹತ್ತಿ ಮೈಕಿನ ಮುಂದೆ ಪತ್ರಿಕೆಯ ನಾಲ್ಕು ಸಾಲು ಓದಿದಳು. ಯಾರೂ ಕೇಳಲಿಲ್ಲ. "ಪೇಪರಲ್ಲಿ ತಪ್ಪು ಅಚ್ಚಾಗುತ್ತಮ್ಮ," ಎಂದು ಮೇಯರ್ ಅವಳ ತಲೆ ಸವರಿದ. ಆಗ ಅವಳು ಗಂಟಲು ಹರಿಯುವಂತೆ ಕೂಗಿದಳು:

"ಕೇಳಿ! ಈ ಇಡೀ ಊರಲ್ಲಿ ಅವತ್ತು ಅಲ್ಲಿ ಇರದೇ ಇದ್ದವನು ನಮ್ಮಪ್ಪ ಒಬ್ಬನೇ!"

ಜನ ಚಪ್ಪಾಳೆ ತಟ್ಟಿದರು. ಮಗಳೇ ಒಪ್ಪಿಕೊಂಡಳಲ್ಲ, ಪಾಪ, ಒಳ್ಳೆಯ ಹುಡುಗಿ, ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಎಲ್ಡನ್ ಮಾತ್ರ ಅವಳ ಮುಖ ನೋಡಿದ. ಅಲ್ಲಿ ನಾಚಿಕೆ ಇರಲಿಲ್ಲ. ಅವಳು ಅವನ ತೋಳಿಗೆ ತೋಳು ಸೇರಿಸಿ, ಜನರ ಮಧ್ಯದಿಂದ ಅವನನ್ನು ನಡೆಸಿಕೊಂಡು ಟ್ರಕ್ಕಿನವರೆಗೂ ಬಂದಳು.

"ಆ ಗಿಟಾರಿನವನೂ ಸುಳ್ಳು ಬರೆದನಲ್ಲೇ," ಎಂದ ಎಲ್ಡನ್, ಅಳುವ ದನಿಯಲ್ಲಿ.

"ನುಡಿಸೋದು ಚೆನ್ನಾಗಿ ನುಡಿಸ್ತಾನೆ ಅಪ್ಪ," ಎಂದಳು ಮಾರ್ನಿ. "ಅಷ್ಟು ಸಾಕು. ಹಾಕು ಹಾಡು."

ಓಸ್ವಾಲ್ಟ್ ಮೇಷ್ಟ್ರ ಕೋಣೆ ಕುಸ್ತಿ ತಂಡಕ್ಕೆ ಹೋಗಲಿಲ್ಲ. ಫಲಕದ ಮಹಿಮೆಯಿಂದ ಅದಕ್ಕೊಂದು ಹೊಸ ಡ್ರಮ್ಮೂ ಬಂತು. ಮಾರ್ನಿಯ ಪ್ರಬಂಧಕ್ಕೆ ಆತ ಸಿ ಮೈನಸ್, ಅಂದರೆ ಹೇಗೋ ಪಾಸಾಗುವಷ್ಟು ಅಂಕ, ಕೊಟ್ಟ. ಕೆಳಗೆ ಕೆಂಪು ಶಾಯಿಯಲ್ಲಿ, 'ಬರವಣಿಗೆ ಚೆನ್ನಾಗಿದೆ. ಆದರೆ ನಲವತ್ತೊಂದು ಸಾಕ್ಷಿಗಳನ್ನು ಬಿಟ್ಟು ಒಂದು ಪತ್ರಿಕೆಯ ತುಂಡನ್ನು ನಂಬುವುದು ಚರಿತ್ರೆ ಓದುವವರಿಗೆ ಶೋಭಿಸುವುದಿಲ್ಲ,' ಎಂದು ಬರೆದಿದ್ದ.

ಎಲ್ಡನ್ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಅಷ್ಟಕ್ಕೇ ಸುಮ್ಮನಿರದೆ, ಕಾರ್ಪೆಟ್ ಹಾಸಲು ಹೋದ ಪ್ರತಿ ಮನೆಯಲ್ಲೂ, ಮಂಡಿಯೂರಿ ಮೊಳೆ ಹೊಡೆಯುತ್ತ, ಹೆಮ್ಮೆಯಿಂದ ಹೇಳತೊಡಗಿದ. ಜುಲೈಯಲ್ಲಿ ಮೇಯರನ ಮನೆಯ ಮೆಟ್ಟಿಲಿಗೆ ಕಾರ್ಪೆಟ್ ಹಾಸುವಾಗಲೂ ಹೇಳಿದ.

"ನನ್ನ ಮಗಳಿಗೆ ಆ ಪ್ರಬಂಧಕ್ಕೆ ಸಿ ಮೈನಸ್ ಬಂತು, ಗೊತ್ತಾ ನಾರ್ಮ್?"

ಸೋಫಾದಲ್ಲಿ ಒರಗಿದ್ದ ಮೇಯರ್ ಎದ್ದು ಕೂತ. ಯಾರಾದರೂ ಏನನ್ನಾದರೂ ಹೆಮ್ಮೆಯಿಂದ ಹೇಳಿದರೆ ಅವನಿಂದ ತಡೆಯಲು ಆಗುತ್ತಿರಲಿಲ್ಲ.

"ಸಿ ಮೈನಸ್ಸೇ? ಅದೇನು ಮಹಾ! ಅದೇ ಶಾಲೇಲಿ, ಚರಿತ್ರೇಲಿ, ನಂಗೆ ಎಫ್ ಬಂದು ಪೂರ್ತಿ ಫೇಲೇ ಆಗಿತ್ತು ಕಣಯ್ಯಾ. ಎರಡು ಸಲ!"

ಎಲ್ಡನ್ ಸುತ್ತಿಗೆ ಕೆಳಗಿಟ್ಟು ಅವನನ್ನು ಒಮ್ಮೆ ನೋಡಿದ. ಮೇಯರನ ಮಾತೊಂದನ್ನು ಅವನು ಪೂರ್ತಿ ನಂಬಿದ್ದು ಅದೇ ಮೊದಲು.